ಪಾಸ್ ವಾಲಿಗೆ ಕೆಂಪು

ಕಳೆದ ತಿಂಗಳು ಸೂರತ್ತಿನ ಅಡಾಜಣ್‌ನ ನಮ್ಮ ಫ್ಲ್ಯಾಟಿನಲ್ಲಿ ಎರಡು ದಿನ ಇಂಟರ್ನೆಟ್ ಇರಲಿಲ್ಲ. ಮೂರನೇ ದಿನ ರಿಪೇರಿಯವನು ಬಂದ. ಟೀವಿಯ ಹಿಂದೆ ಮಂಡಿಯೂರಿ ಕೂತು, ಕೂದಲೆಳೆಯಂಥ ಫೈಬರಿನ ತುದಿ ಒರೆಸಲು ಒಂದು ಸಣ್ಣ ಪೊಟ್ಟಣ ಹರಿದ. ಹರಿದದ್ದೇ ತಡ, ಐಸೊಪ್ರೊಪೈಲ್ ಆಲ್ಕೋಹಾಲಿನ ವಾಸನೆ ಹಾಲಿನ ತುಂಬ ಹರಡಿತು. ಇಂಜೆಕ್ಷನ್ ಕೊಡುವ ಮೊದಲು ನರ್ಸು ತೋಳಿಗೆ ಒರೆಸುತ್ತಾಳಲ್ಲ, ಹೆಚ್ಚುಕಮ್ಮಿ ಅದೇ ವಾಸನೆ. ನನ್ನ ಗಂಡ ಎದ್ದು ಕಿಟಕಿ ತೆಗೆದರು. ನಾನು ಸೋಫಾದ ಮೇಲೆ ಕೂತೇ ಇದ್ದೆ. ಆ ವಾಸನೆಗೆ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ. ವಡೋದರಾದ ಒಂದು ಮಳೆಗಾಲ ನೆನಪಾಗುತ್ತದೆ, ಅದರ ಜೊತೆಗೇ ಕೈಲಾಸಬೇನ್.

ಆಗ ನನಗೆ ಇಪ್ಪತ್ತನಾಲ್ಕು. ಚಿತ್ರದುರ್ಗದವಳು, ಬೆಳಕಿನ ಸಂವಹನವನ್ನೇ ವಿಷಯವಾಗಿಟ್ಟುಕೊಂಡು ಎಂ.ಟೆಕ್ ಮುಗಿಸಿದ್ದೆ. ಇನ್ನೇನಾದರೂ ಓದಿದ್ದರೆ ಮನೆಯ ಹತ್ತಿರ ಇರುತ್ತಿದ್ದೆ ಎಂದು ಅಮ್ಮ ಫೋನಿನಲ್ಲಿ ವಾರಕ್ಕೊಮ್ಮೆ ಅನ್ನುತ್ತಿದ್ದರು, ಏಕೆಂದರೆ ಆ ಓದಿಗೆ ಸರಿಹೊಂದುವ ಕೆಲಸ ಸಿಕ್ಕಿದ್ದು ವಡೋದರಾದಲ್ಲಿ. ಅಲ್ಕಾಪುರಿಯ ಹಿಂದಿನ ಗಲ್ಲಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ರೂಮು. ಊರಾಚೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಮೂವತ್ತು ನಲವತ್ತು ಜನ, ಎರಡು ಮಹಡಿ, ಕೆಳಗೆ ಪ್ಯಾಕಿಂಗ್, ಮೇಲೆ ಧೂಳು ಬರದ ಹಾಗೆ ಮುಚ್ಚಿದ ಒಂದು ಹಾಲ್. ಆರು ತಿಂಗಳು ಪ್ರೊಬೇಷನ್. ಆಗಸ್ಟ್ ಕೊನೆಗೆ ಕೆಲಸ ಖಾಯಂ ಆದ ಪತ್ರ ಬರಬೇಕಿತ್ತು. ಬರದಿದ್ದರೆ ಅಮ್ಮ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು ವಾಪಸ್ ಹೋಗಬೇಕಿತ್ತು.

ನಾವು ಅಲ್ಲಿ ಮಾಡುತ್ತಿದ್ದ ಸಾಮಾನು ಏನು ಎಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಮನೆಗೆ ಬರುವ ಒಂದೇ ಒಂದು ಫೈಬರಿನಲ್ಲಿ ಹಲವು ಬಣ್ಣದ ಬೆಳಕು ಒಟ್ಟಿಗೆ ಓಡುತ್ತಿರುತ್ತದೆ. ಬಣ್ಣ ಅನ್ನುವುದು ಮಾತಿಗೆ, ಕಣ್ಣಿಗೆ ಯಾವುದೂ ಕಾಣುವುದಿಲ್ಲ, ತರಂಗಾಂತರ ಬೇರೆ ಬೇರೆ ಅಷ್ಟೇ. ಒಂದರಲ್ಲಿ ಇಂಟರ್ನೆಟ್ ಬರುತ್ತದೆ, ಒಂದರಲ್ಲಿ ನೀವು ಕಳಿಸಿದ್ದು ಹೋಗುತ್ತದೆ, ಇನ್ನೊಂದರಲ್ಲಿ ಟೀವಿ. ಆ ತುದಿಯಲ್ಲಿ ಇವನ್ನೆಲ್ಲ ಒಂದು ಎಳೆಗೆ ಸೇರಿಸಬೇಕು, ಈ ತುದಿಯಲ್ಲಿ ಮತ್ತೆ ಬೇರೆ ಮಾಡಬೇಕು. ಎರಡೂ ಕೆಲಸಕ್ಕೆ ಒಂದೇ ಸಾಮಾನು, ಬೆಳಕು ಯಾವ ಕಡೆಯಿಂದ ಬಂತು ಎನ್ನುವುದರ ಮೇಲೆ ಅದು ಸೇರಿಸುತ್ತದೋ ಬೇರ್ಪಡಿಸುತ್ತದೋ ನಿಂತಿರುತ್ತದೆ. ಬೆಂಕಿಕಡ್ಡಿಯಷ್ಟು ಉದ್ದದ ಉಕ್ಕಿನ ಕೊಳವೆ, ಒಳಗೆ ಎಳ್ಳಿನಷ್ಟು ಗಾಜಿನ ಚೂರು. ಆ ಗಾಜಿನ ಚೂರೇ ಫಿಲ್ಟರ್. ಅದು ಒಂದು ತರಂಗಾಂತರವನ್ನು ಮಾತ್ರ ತನ್ನೊಳಗಿಂದ ಹಾದುಹೋಗಲು ಬಿಟ್ಟು, ಮಿಕ್ಕಿದ್ದನ್ನೆಲ್ಲ ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಹಾದುಹೋದದ್ದಕ್ಕೆ ಒಂದು ಫೈಬರ್, ಅದಕ್ಕೆ ಪಾಸ್ ಎಂದು ಹೆಸರು. ಹಿಂದಕ್ಕೆ ಬಂದದ್ದಕ್ಕೆ ಒಂದು, ಅದು ರಿಫ್ಲೆಕ್ಟ್. ಎಲ್ಲವನ್ನೂ ಒಟ್ಟಿಗೆ ತರುವುದು ಕಾಮನ್. ಹೀಗೆ ಆ ಕೊಳವೆಗೆ ಮೂರು ಬಾಲ.

ಕೊಳವೆಯೊಳಗೆ ಗಾಜಿನ ಚೂರನ್ನು ಕೂರಿಸುವುದು ಯಂತ್ರದ ಕೆಲಸವಲ್ಲ, ಕೈಯದು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಸಣ್ಣ ತಿರುಪು ತಿರುಗಿಸುತ್ತ, ಪಕ್ಕದ ಮೀಟರಿನಲ್ಲಿ ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ನೋಡುತ್ತ, ಸರಿಯಾದ ಜಾಗ ಸಿಕ್ಕ ಗಳಿಗೆಗೆ ಅಂಟು ಹಾಕಬೇಕು. ಅಂಟು ಗಟ್ಟಿಯಾಗುವಾಗ ಕೂದಲೆಳೆಯ ಸಣ್ಣ ಪಾಲು ಸರಿದರೂ ಬೆಳಕು ಸೋರಿಹೋಗುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ವಡೋದರಾದ ಮಳೆ ನಮ್ಮ ದುರ್ಗದ ಮಳೆಯ ಹಾಗೆ ನಾಲ್ಕು ಹನಿ ಹಾಕಿ ಸುಮ್ಮನಾಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ ಹಾಗೆಲ್ಲ ಅಂಟು ಮೊಂಡಾಟ ಶುರುಮಾಡುತ್ತಿತ್ತು. ತೇವ ಹೀರುವ ಯಂತ್ರದ ಡಬ್ಬಿಯನ್ನು ದಿನಕ್ಕೆ ಎರಡು ಸಲ ಖಾಲಿ ಮಾಡುತ್ತಿದ್ದೆವು. ವಿಶ್ವಾಮಿತ್ರಿ ನದಿ ತುಂಬಿ ಯಾವುದೋ ಸೊಸೈಟಿಯ ಪಾರ್ಕಿಂಗಿಗೆ ಮೊಸಳೆ ಬಂದಿದೆ ಎಂದು ವ್ಯಾನಿನ ಡ್ರೈವರ್ ಸುತ್ತುದಾರಿ ಹಿಡಿದ ದಿನಗಳೂ ಇದ್ದವು. ಊರಿನವರು ಅದನ್ನು ಬೀದಿನಾಯಿಯ ಸುದ್ದಿಯಂತೆ ಹೇಳುತ್ತಿದ್ದರು.

ಅಂಥ ದಿನಗಳಲ್ಲೂ ಕೈಲಾಸಬೇನ್ ಕೂರಿಸಿದ ಚೂರು ಸರಿಯುತ್ತಿರಲಿಲ್ಲ. ಹೆಸರು ಕೇಳಿದ ಮೊದಲ ದಿನ ನನಗೆ ನಗು ಬಂದಿತ್ತು, ನಮ್ಮ ಕಡೆ ಕೈಲಾಸಕ್ಕೆ ಹೋದವರ ಬಗ್ಗೆ ಗೋಡೆಗೆ ಪೋಸ್ಟರ್ ಹಚ್ಚುತ್ತಾರೆ. ಆಕೆಗೆ ನಲವತ್ತೆಂಟು ಇರಬಹುದು. ಕುಳ್ಳಗೆ, ದುಂಡಗೆ, ಸೀರೆಯ ಸೆರಗು ಬಲಹೆಗಲ ಮೇಲಿಂದ ಮುಂದಕ್ಕೆ, ಅದರ ಮೇಲೆ ಕಾರ್ಖಾನೆಯ ಬಿಳಿ ಕೋಟು. ಹನ್ನೊಂದು ವರ್ಷದಿಂದ ಅದೇ ಬೆಂಚು. ಅಂಟು ಗಟ್ಟಿಯಾಗುವಷ್ಟು ಹೊತ್ತೂ ಉಸಿರು ಹಿಡಿದಿರುತ್ತಿದ್ದರು. ಅದನ್ನು ಯಾರೂ ಕಲಿಸಿದ್ದಲ್ಲ. ನಾನು ಪುಸ್ತಕದಲ್ಲಿ ಓದಿದ್ದನ್ನು ಆಕೆಯ ಬೆರಳು ನೋಡಿ ಅರ್ಥಮಾಡಿಕೊಂಡೆ. ಆಕೆ ನನ್ನನ್ನು ಸುಮಾಬೇನ್, ಅಂದರೆ ಸುಮಕ್ಕ, ಎನ್ನುತ್ತಿದ್ದರು, ನಾನು ಆಕೆಯ ಮಗಳಿಗಿಂತ ಚಿಕ್ಕವಳಾದರೂ ಬಹುವಚನ.

ಜುಲೈನಲ್ಲಿ ಹೊಸ ಆರ್ಡರ್ ಬಂತು. ಬರಿಯ ಕೊಳವೆ ಬೇಡ, ಅದನ್ನು ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿಟ್ಟು, ಮೂರೂ ಬಾಲಗಳನ್ನು ಒಂದೇ ಬದಿಯಿಂದ ಹೊರತೆಗೆದು ಕೊಡಿ ಎಂದು ಗಿರಾಕಿಗಳು ಕೇಳಿದ್ದರು. ಕೊಳವೆಯಾದರೆ ಪಾಸ್ ಯಾವುದು ಎಂದು ಕುರುಡರೂ ಹೇಳಬಹುದು, ಅದೊಂದೇ ಆಚೆ ತುದಿಯಿಂದ ಬರುತ್ತದೆ. ಹಾಗಾಗಿ ಬೆಂಚಿನವರಿಗೆ ಆ ಹೆಸರೇ ಬೇಕಾಗಿರಲಿಲ್ಲ, ಅದು ಎಂಜಿನಿಯರುಗಳ ನಕ್ಷೆಯಲ್ಲಷ್ಟೇ ಇತ್ತು. ಡಬ್ಬಿಯಲ್ಲಿ ಹಾಗಲ್ಲ, ಮುಚ್ಚಿದ ಮೇಲೆ ಮೂರೂ ಒಂದೇ. ಅದಕ್ಕೇ ಬಣ್ಣದ ಸಣ್ಣ ಕೊಳವೆ, ನಾವು ಸ್ಲೀವ್ ಎನ್ನುತ್ತಿದ್ದದ್ದು, ತೊಡಿಸಬೇಕಿತ್ತು. ಕಾಮನ್‌ಗೆ ಬಿಳಿ, ಪಾಸ್‌ಗೆ ಕೆಂಪು, ರಿಫ್ಲೆಕ್ಟ್‌ಗೆ ಕಿತ್ತಳೆ. ಕೆಂಪೂ ಕಿತ್ತಳೆಯೂ ಪಕ್ಕಪಕ್ಕ ಇಡುವ ಬುದ್ಧಿ ಗಿರಾಕಿಗಳದ್ದು, ನಮ್ಮದಲ್ಲ. ಕೆಲಸ ಕಲಿಸುವುದನ್ನು ಮ್ಯಾನೇಜರ್ ಹಿತೇಶಭಾಯ್ ನನಗೆ ವಹಿಸಿದರು. ಮೊದಲ ಲಾಟನ್ನು ಕೈಲಾಸಬೇನ್ ಒಬ್ಬರೇ ಮಾಡಲಿ ಎಂದೂ ಅವರೇ ಹೇಳಿದರು.

ನನ್ನ ಹಿಂದಿ ಆಗ ಹೈಸ್ಕೂಲಿನ ಮೂರನೇ ಭಾಷೆಯದು. ಗುಜರಾತಿ ಅದಕ್ಕಿಂತ ಕಡೆ. ಬೆಂಚಿನ ಮುಂದೆ ನಿಂತು, ಬಿಳಿ ಸ್ಲೀವ್ ಮೊದಲೇ ತೊಡಿಸಿದ್ದ ಡಬ್ಬಿ ಕಡೆ ಕೈ ತೋರಿಸಿ, ಬಹಳ ಆತ್ಮವಿಶ್ವಾಸದಿಂದ ಹೇಳಿದೆ: "ಪಾಸ್ ವಾಲಿ ಮೇ ಲಾಲ್, ದೂಸ್ರಿ ಮೇ ಕೇಸರಿ." ಪಾಸ್‌ಗೆ ಕೆಂಪು, ಇನ್ನೊಂದಕ್ಕೆ ಕಿತ್ತಳೆ. ಕೈಲಾಸಬೇನ್ ಒಂದು ಸಲ ನನ್ನ ಬಾಯಿ ನೋಡಿದರು, ಒಂದು ಸಲ ಡಬ್ಬಿ ನೋಡಿದರು, ತಲೆಯಾಡಿಸಿದರು. ಅಷ್ಟೇ ತರಬೇತಿ. ಬೆಳಕಿನ ಪರೀಕ್ಷೆಯೆಲ್ಲ ಡಬ್ಬಿಗೆ ಹಾಕುವ ಮೊದಲೇ ಮುಗಿದಿರುತ್ತಿತ್ತು. ಹಾಕಿದ ಮೇಲೆ ಎಳೆ ತುಂಡಾಗಿಲ್ಲ ಎಂದಷ್ಟೇ ನೋಡಿದರೆ ಸಾಕು ಎಂದು ತೀರ್ಮಾನಿಸಿದ್ದೂ ನಾನೇ, ಅವಸರ ಇತ್ತು.

ಶ್ರಾವಣದ ಎರಡನೇ ವಾರ ಲಾಟು ಪೂರ್ತಿ ವಾಪಸ್ ಬಂತು. ಒಂದು ಡಬ್ಬಿ ಬಿಡದಂತೆ ಕೆಂಪು ಮತ್ತು ಕಿತ್ತಳೆ ಅದಲುಬದಲು. ಇಂಟರ್ನೆಟ್ ಬರಬೇಕಾದ ಕಡೆ ಟೀವಿ, ಟೀವಿಯ ಕಡೆ ಇಂಟರ್ನೆಟ್. ಹಿತೇಶಭಾಯ್ ಕೂಗಾಡುವ ಮನುಷ್ಯನಲ್ಲ. ಕೈಲಾಸಬೇನ್ ಅವರನ್ನು ಕರೆದು, ವಯಸ್ಸಾಯಿತು, ಕಣ್ಣಿಗೆ ಕೆಂಪು ಕಿತ್ತಳೆ ಭೇದ ತಿಳಿಯುತ್ತಿಲ್ಲ, ಇದರಲ್ಲಿ ನಿಮ್ಮ ತಪ್ಪೇನಿಲ್ಲ, ಕೆಳಗೆ ಪ್ಯಾಕಿಂಗಿಗೆ ಹೋಗಿ ಎಂದರು. ದಯೆಯಿಂದಲೇ ಹೇಳಿದರು. ಬೈದಿದ್ದರೆ ಆಕೆ ಜಗಳವಾಡುತ್ತಿದ್ದರೇನೋ. ಕೇಳಿದ್ದು ಒಂದೇ ಮಾತು, ನಾನೂ ಕ್ಯಾಬಿನ್ನಿನಲ್ಲಿ ಇದ್ದೆ, ಗುಜರಾತಿಯಲ್ಲಿ ಹೇಳಿದ್ದು ನನಗೂ ತಿಳಿಯಿತು: "ಸಾಹೇಬ್ರೆ, ಕಣ್ಣು ಹೋಗಿದ್ರೆ ಕೆಲವಾದ್ರೂ ಸರಿ ಇರಬೇಕಿತ್ತಲ್ಲ?"

ಅದು ಆ ದಿನ ಆ ಕೋಣೆಯಲ್ಲಿ ಯಾರಾದರೂ ಆಡಿದ ಒಂದೇ ಎಂಜಿನಿಯರಿಂಗ್ ಮಾತು. ಕುರುಡಾಟದಲ್ಲಿ ಅರ್ಧ ಸರಿ, ಅರ್ಧ ತಪ್ಪು ಇರುತ್ತದೆ, ಎಲ್ಲವೂ ತಪ್ಪಾಗಬೇಕಾದರೆ ಅದರ ಹಿಂದೆ ಒಂದು ನಿಯಮ ಇರಬೇಕು. ನನ್ನ ಹತ್ತಿರ ಡಿಗ್ರಿಗಳು ಎರಡಿದ್ದವು, ಹೊಳೆಯಲಿಲ್ಲ. ನಾನೂ ಆಕೆಯ ಕಣ್ಣಿಗೇ ಮರುಗಿದೆ. ಅದೇ ವಾರ ಕೈಲಾಸಬೇನ್ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದರು. ನಲವತ್ತು ದಾಟಿದವರಿಗೆಲ್ಲ ಬರೆದುಕೊಡುವ ಓದುವ ಕನ್ನಡಕ. ಅದನ್ನು ಹಾಕಿಕೊಂಡು ಪ್ಯಾಕಿಂಗ್ ಟೇಬಲ್ಲಿನ ಮುಂದೆ ರಟ್ಟಿನ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದರು. ಊಟದ ಹೊತ್ತಿಗೆ ಕೇಳಿದಾಗ, ಡಾಕ್ಟರು ಹೆಚ್ಚೇನಿಲ್ಲ ಅಂದರು, ಆದರೆ ಡಾಕ್ಟರಿಗೆ ನಮ್ಮ ಕೆಲಸದ ಬಣ್ಣ ಏನು ಗೊತ್ತು ಎಂದರು. ತನ್ನ ಕಣ್ಣನ್ನು ತಾನೇ ನಂಬದ ಸ್ಥಿತಿಗೆ ಬಂದಿದ್ದರು. ಹನ್ನೊಂದು ವರ್ಷ ಆ ಕಣ್ಣಿನಿಂದಲೇ ಬದುಕಿದ ಹೆಂಗಸು.

ಮುಂದಿನ ಭಾನುವಾರ ಅಹಮದಾಬಾದಿಗೆ ಹೋದೆ. ಅಪ್ಪನ ಬಾಲ್ಯದ ಗೆಳೆಯ ಶ್ಯಾಮಣ್ಣ ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಹುಳಿ ಅನ್ನಕ್ಕಾಗಿ ತಿಂಗಳಿಗೊಮ್ಮೆ ನಾನು ರೈಲು ಹತ್ತುತ್ತಿದ್ದದ್ದು ಅವರ ಮನೆಗೇ. ಅವರ ಮಗಳು ಶ್ರಾವ್ಯ ಅಲ್ಲೇ ಹುಟ್ಟಿ ಬೆಳೆದವಳು, ಆಗ ಬಿ.ಕಾಂ. ಓದುತ್ತಿದ್ದಳು. ಅವಳ ಕನ್ನಡ ನೆಂಟರ ಮನೆಗೆ ಬಂದ ಮಗುವಿನ ಹಾಗೆ, ಅಲ್ಲಲ್ಲೇ ನಿಂತು ಯೋಚಿಸಿ ಮುಂದಕ್ಕೆ ಹೋಗುತ್ತಿತ್ತು. ಊಟಕ್ಕೆ ಕೂತಾಗ ನಾನು ಶ್ಯಾಮಣ್ಣನ ಹೆಂಡತಿಗೆ ಕೈಲಾಸಬೇನ್ ಕಥೆ ಹೇಳುತ್ತಿದ್ದೆ. ಎಷ್ಟು ಬಿಡಿಸಿ ಹೇಳಿದ್ದೆ ಆಂಟಿ, ಪಾಸ್ ವಾಲಿ ಮೇ ಲಾಲ್ ಅಂತ, ಆದರೂ ಹೀಗಾಯಿತು ಎಂದೆ.

ಶ್ರಾವ್ಯ ಹಪ್ಪಳ ಮುರಿಯುವುದನ್ನು ನಿಲ್ಲಿಸಿದಳು. "ಸುಮಕ್ಕ, ಅದು ಯಾರ ಪಾಸ್? ನಿಮ್ಮ ಹತ್ರದ್ದಾ, ಅವರ ಹತ್ರದ್ದಾ?"

ನನಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು. ಪಾಸ್ ವಾಲಿ ಎಂದರೆ ಹತ್ತಿರ ಇರುವುದು ತಾನೆ, ಗುಜರಾತಿಯಲ್ಲೂ ಪಾಸೆ ಎಂದರೆ ಅದೇ. ನೀವು ಅವರ ಎದುರು ನಿಂತಿದ್ದರೆ ನಿಮಗೆ ಹತ್ತಿರದ್ದು ಬೇರೆ, ಅವರಿಗೆ ಹತ್ತಿರದ್ದು ಬೇರೆ ಅಲ್ಲವಾ ಎಂದಳು. ಎತ್ತಿದ ತುತ್ತನ್ನು ತಟ್ಟೆಯಲ್ಲೇ ಇಟ್ಟೆ. ಮೇರೆ ಪಾಸ್ ಎಂದರೆ ನನ್ನ ಬಳಿ ಎಂದು ಪರೀಕ್ಷೆಗೆ ಉರುಹೊಡೆದಿದ್ದೆ. ಆದರೆ ಕನ್ನಡದವಳ ಕಿವಿಗೆ ಪಾಸ್ ಎಂದರೆ ಹಾದುಹೋಗುವುದು, ಪರೀಕ್ಷೆ ಪಾಸು, ಬಸ್ ಪಾಸು, ಅಷ್ಟೇ. ಕೈಲಾಸಬೇನ್ ಅವರಿಗೂ ಪಾಸು ಫೇಲು ಗೊತ್ತಿತ್ತು, ಆದರೆ ಅಲ್ಲಿ ಪರೀಕ್ಷೆಯ ಮಾತೇ ಇರಲಿಲ್ಲವಲ್ಲ. ಎದುರಿಗೆ ಡಬ್ಬಿ, ಡಬ್ಬಿಯೊಳಗೆ ಒಂದು ಎಳೆ ಹತ್ತಿರ, ಒಂದು ಎಳೆ ದೂರ. ಹತ್ತಿರದ್ದಕ್ಕೆ ಕೆಂಪು ಹಾಕಿದರು. ಹತ್ತಿರದ್ದು ರಿಫ್ಲೆಕ್ಟ್ ಆಗಿತ್ತು. ನಾನು ಹೇಳಿದ್ದನ್ನು ಒಂದು ಡಬ್ಬಿಯಲ್ಲೂ ತಪ್ಪದೆ, ಅಕ್ಷರಶಃ ಮಾಡಿದ್ದರು.

ಸೋಮವಾರ ಬೆಳಗ್ಗೆ ನೇರ ಪ್ಯಾಕಿಂಗ್ ಟೇಬಲ್ಲಿಗೆ ಹೋದೆ. ಸುಮ್ಮನೆ ಕೇಳುವವಳ ಹಾಗೆ, ಕೈಲಾಸಬೇನ್, ಪಾಸೆ ಎಂದರೆ ಏನು ಎಂದೆ. ನಜೀಕ್, ಹತ್ತಿರ, ಇನ್ನೇನು ಎಂದು ಆಕೆ ಟೇಪ್ ಕತ್ತರಿಸಿದರು. ಕನ್ನಡಕದ ಮೇಲಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಮೇಲಕ್ಕೆ ಹೋದೆ. ಹಿತೇಶಭಾಯ್ ಕ್ಯಾಬಿನ್ನಿಗೆ ಹೋಗುವ ಬದಲು ಬೆಂಚಿಗೆ ಹೋದೆ. ಅಲ್ಲಿ ಕೈಲಾಸಬೇನ್ ಜಾಗದಲ್ಲಿ ಕೂತಿದ್ದ ಹುಡುಗಿಗೆ, ಪಾಸ್ ಎಂಬ ಪದವನ್ನೇ ಬಾಯಿಗೆ ತಾರದೆ, ಬೆರಳಿನಿಂದ ಎಳೆ ಮುಟ್ಟಿ ತೋರಿಸಿ, ಇದಕ್ಕೆ ಕೆಂಪು ಎಂದೆ. ಹೊಸ ಲಾಟು ಸರಿಯಾಗಿ ಬಂತು. ಕಣ್ಣು ಚೆನ್ನಾಗಿರುವ ಹುಡುಗಿ ಎಂದು ಹಿತೇಶಭಾಯ್ ಮೆಚ್ಚಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.

ಕೆಲಸ ಖಾಯಂ ಆಗುವ ಪತ್ರ ಆ ವಾರ ಬರಬಹುದು, ಇಲ್ಲವೇ ಮುಂದಿನ ವಾರ. ಪತ್ರ ಬರಲಿ, ಮರುಕ್ಷಣ ಹೇಳುತ್ತೇನೆ ಎಂದು ದಿನವೂ ನನಗೆ ನಾನೇ ಹೇಳಿಕೊಂಡೆ. ಒಂದು ಇಡೀ ಲಾಟನ್ನು ಹಾಳು ಮಾಡಿದ ಪ್ರೊಬೇಷನ್‌ನವಳನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕ. ಈಗ ನೋಡಿದರೆ ಅದು ಬರೀ ಹೇಡಿತನ. ಆಗಲೂ ಗೊತ್ತಿತ್ತು. ನಡುವೆ ಶೀತಲಾ ಸಾತಮ್ ಹಬ್ಬ ಬಂತು. ಆ ದಿನ ಅಲ್ಲಿ ಒಲೆ ಹಚ್ಚುವುದಿಲ್ಲ, ಹಿಂದಿನ ದಿನ ಮಾಡಿಟ್ಟ ತಣ್ಣನೆಯ ಅಡಿಗೆಯನ್ನೇ ತಿನ್ನುತ್ತಾರೆ. ಕೈಲಾಸಬೇನ್ ನನಗೆಂದೇ ಇನ್ನೊಂದು ಡಬ್ಬಿಯಲ್ಲಿ ಥೇಪ್ಲಾ ಎನ್ನುವ ಮಸಾಲೆ ಚಪಾತಿ, ಮೊಸರು, ನೆನೆಸಿದ ಮೆಂತ್ಯದ ಉಪ್ಪಿನಕಾಯಿ ತಂದಿದ್ದರು. ರೂಮಿನಲ್ಲಿರುವ ಹುಡುಗಿ, ಯಾರು ಮಾಡಿಕೊಡುತ್ತಾರೆ ಎಂದರು. ತಿಂದೆ. ಕನ್ನಡಕ ಎಲ್ಲಿ ಎಂದು ಕೇಳಿದೆ, ಎರಡು ಮೂರು ದಿನದಿಂದ ಅದು ಮೂಗಿನ ಮೇಲೆ ಕಂಡಿರಲಿಲ್ಲ. ಮೂಗಿಗೆ ಒತ್ತುತ್ತದೆ, ಮನೆಯಲ್ಲಿಟ್ಟಿದ್ದೇನೆ ಎಂದರು. ಬರಿಗಣ್ಣಿನಲ್ಲಿ ಸಣ್ಣ ಅಕ್ಷರದ ಲೇಬಲ್ ಓದಿ ಅಂಟಿಸುತ್ತಿದ್ದರು.

ಅದರ ಮುಂದಿನ ಮಂಗಳವಾರ ಪತ್ರ ಬಂತು. ಬುಧವಾರ ಬೆಳಗ್ಗೆ ಕ್ಯಾಬಿನ್ನಿಗೆ ಹೋಗಿ ಎಲ್ಲ ಹೇಳಿದೆ. ಹಿತೇಶಭಾಯ್ ಮೊದಲು ನಕ್ಕರು, ಪಾಸೆ, ಪಾಸ್ ಎಂದು ಎರಡು ಮೂರು ಸಲ ಅಂದುಕೊಂಡರು, ಆಮೇಲೆ ನಗು ನಿಂತಿತು. ನನ್ನನ್ನು ಏನೂ ಅನ್ನಲಿಲ್ಲ. ತಾವೇ ಮೆಟ್ಟಿಲಿಳಿದು ಹೋಗಿ ಕೈಲಾಸಬೇನ್ ಅವರನ್ನು ಕರೆದುಕೊಂಡು ಬಂದರು. ಪತ್ರ ಬರದಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಹಿತೇಶಭಾಯ್ ಮುಖ ನೋಡಿದಾಗ ನನಗೆ ತಿಳಿಯಿತು.

ಕೈಲಾಸಬೇನ್ ತಮ್ಮ ಬೆಂಚಿನ ಮುಂದೆ ನಿಂತು ಮೈಕ್ರೋಸ್ಕೋಪಿನ ಮೇಲಿನ ಬಟ್ಟೆ ತೆಗೆದರು. ನಾನು ಕ್ಷಮೆ ಕೇಳಿದೆ. ಆಕೆ ಕೇಳಿದ್ದು ಒಂದೇ: "ಯಾವಾಗ ಗೊತ್ತಾಯ್ತು?"

"ನಿನ್ನೆ," ಎಂದೆ.

ಆಕೆ ಸರಿ ಎಂದು ತಲೆಯಾಡಿಸಿದರು. ಪಾಸ್ ಪದ ಇನ್ನು ಇಲ್ಲಿ ಬೇಡ, ನಮಗೆ ತಿಳಿಯುವ ಹಾಗೆ ಬರೆಯೋಣ ಎಂದರು. ಗಾಜಿನ ಈಚೆಯಿಂದ ಆಚೆಗೆ ಹಾದುಹೋಗುವುದಕ್ಕೆ ಆರ್‌ಪಾರ್, ಹಿಂದಕ್ಕೆ ಬರುವುದಕ್ಕೆ ಪಾಛು. ನನ್ನ ಗುಜರಾತಿ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಆದ್ದರಿಂದ ತಾವೇ ಚಾರ್ಟಿನ ಮೇಲೆ ಬರೆದು ಅಂಟಿಸಿದರು. ಆ ಮಧ್ಯಾಹ್ನವೇ ಕೆಲಸಕ್ಕೆ ಕೂತರು. ಮಾರನೇ ವರ್ಷ ಮದುವೆಯಾಗಿ ನಾನು ಸೂರತ್ತಿಗೆ ಬಂದೆ. ಬೇರೆ ಕೆಲಸ ಹಿಡಿದೆ. ನಿನ್ನೆ ಎಂದ ಆ ಒಂದು ಪದ ಮಾತ್ರ ಏಳು ವರ್ಷ ನನ್ನ ಜೊತೆಯಲ್ಲೇ ಇತ್ತು.

ಅಡಾಜಣ್‌ನಲ್ಲಿ ಆ ವಾಸನೆ ಬಂದ ವಾರವೇ ಅಹಮದಾಬಾದಿನಲ್ಲಿ ಶ್ರಾವ್ಯಳ ನಿಶ್ಚಿತಾರ್ಥ ಇತ್ತು. ಗಂಡನಿಗೆ ಮರುದಿನ ನೇರ ಅಲ್ಲಿಗೇ ಬರಲು ಹೇಳಿ, ಒಬ್ಬಳೇ ಮೊದಲು ಹೊರಟು ವಡೋದರಾದಲ್ಲಿ ಇಳಿದೆ. ಕಾರ್ಖಾನೆ ಇನ್ನೊಂದು ಮಹಡಿ ಬೆಳೆದಿತ್ತು. ಮೇಲಿನ ಹಾಲಿನಲ್ಲಿ ಕೈಲಾಸಬೇನ್ ಐದಾರು ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದರು. ಕೂದಲು ನರೆತಿತ್ತು, ಈಗ ನಿಜವಾಗಿಯೂ ಬೇಕಾದ ಕನ್ನಡಕ ಮೂಗಿನ ಮೇಲಿತ್ತು. ಗೋಡೆಯ ಮೇಲೆ ಆರ್‌ಪಾರ್ ಮತ್ತು ಪಾಛು, ಹೊಸ ಚಾರ್ಟಿನಲ್ಲಿ. ನನ್ನನ್ನು ಕಂಡು ಗಾಜಿನಾಚೆಯಿಂದಲೇ ಕೈಬೀಸಿ ಒಳಗೆ ಕರೆದರು, ಹುಡುಗಿಯರ ಮುಂದೆ ನಿಲ್ಲಿಸಿದರು. ದಿನಾ ಹೇಳುವ ಕಥೆ ಇವರದ್ದೇ ಎಂದು ಮೊದಲಿಂದ ಹೇಳಿದರು. ಪಾಸ್ ವಾಲಿ ಬಂದಾಗ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಕೊನೆಗೆ ಕೈಲಾಸಬೇನ್, ಗೊತ್ತಾದ ಮಾರನೇ ದಿನವೇ ಈ ಬೇನ್ ಸಾಹೇಬರ ಹತ್ತಿರ ಹೋಗಿ ತಪ್ಪು ನನ್ನದು ಅಂದರು, ಕೆಲಸ ಹೋಗಬಹುದಿತ್ತು, ಆದರೂ ಹೋದರು, ನೀವೂ ಹಾಗೇ ಮಾಡಬೇಕು ಎಂದರು. ಹುಡುಗಿಯರು ನನ್ನನ್ನು ಗೌರವದಿಂದ ನೋಡಿದರು. ಎಲ್ಲಿ ಕಣ್ಣಿಡಬೇಕೋ ತಿಳಿಯದೆ ನಾನು ಚಾರ್ಟು ನೋಡುತ್ತ ನಿಂತೆ.

ಚಹಾದ ಹೊತ್ತಿಗೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಸಣ್ಣಗೆ ಮಳೆ ಇತ್ತು. ಇನ್ನು ಇಟ್ಟುಕೊಳ್ಳಲಾರೆ ಅನ್ನಿಸಿತು.

"ಮಾರನೇ ದಿನ ಅಲ್ಲ ಕೈಲಾಸಬೇನ್. ಹತ್ತು ದಿನ ಆಗಿತ್ತು."

ಆಕೆ ಸಾಸರಿನ ಚಹಾ ಊದಿದರು. "ಗೊತ್ತು. ಪಾಸೆ ಅಂದ್ರೆ ಏನು ಅಂತ ನೀವು ಕೇಳಿದ್ರಲ್ಲ, ಆ ಸೋಮವಾರಾನೇ ಕನ್ನಡಕ ತೆಗೆದಿಟ್ಟೆ."

ಹಾಗಾದರೆ ನೀವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದಕ್ಕೆ ಆಕೆ, ನಾನು ಹೇಳಿದ್ದರೆ ಬೆಂಚು ವಾಪಸ್ ಬೇಕೆಂದು ನೆಪ ಹುಡುಕುತ್ತಾಳೆ ಅನ್ನುತ್ತಿದ್ದರು, ಅದನ್ನು ನೀವೇ ಹೇಳಬೇಕಿತ್ತು ಎಂದರು. ದಿನಾ ಬೆಳಗ್ಗೆ ನೀವು ಮೆಟ್ಟಿಲು ಹತ್ತುವಾಗ ಇವತ್ತು ಹೇಳುತ್ತಾರೆ ಅಂದುಕೊಳ್ಳುತ್ತಿದ್ದೆ, ಸಾತಮ್ ದಿನವೂ ಅಂದುಕೊಂಡಿದ್ದೆ ಎಂದರು. ಕೋಪವಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದರು. ನನಗೆ ಅಳು ಬಂತು, ಅತ್ತೆ. ಆಕೆ ನನ್ನ ಮೊಣಕಾಲಿನ ಮೇಲೆ ಒಂದು ಕೈ ಇಟ್ಟು ಇನ್ನೊಂದು ಕೈಯಲ್ಲಿ ಚಹಾ ಕುಡಿದರು.

ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಹುಡುಗಿಯರಿಗೆ ಮಾರನೇ ದಿನ ಎಂದು ಯಾಕೆ ಹೇಳುತ್ತೀರಿ ಎಂದೆ.

"ಹತ್ತು ದಿನ ಅಂದ್ರೆ ಅವರೂ ಹತ್ತು ದಿನ ತಗೋತಾರೆ," ಎಂದು ಕೈಲಾಸಬೇನ್ ಎದ್ದು, ಸಾಸರು ತೊಳೆದಿಟ್ಟು, ತಲೆಗೆ ಬಿಳಿ ಟೋಪಿ ಹಾಕಿಕೊಂಡು ಒಳಗೆ ಹೋದರು.